ಮಾವನ ಗೋರಿಗೆ ಅಳಿಯನ ಡಿಸೈನು

ಮೆಲಿಸ್ ಡಿಸೈನ್ ಕಾಲೇಜು ಸೇರಿದ್ದಕ್ಕೆ ಅವನ ಸೊಂಟ ಕಾರಣ. ತಲಾಸ್ ಪೇಟೆಯಿಂದ ನಮ್ಮ ಹಳ್ಳಿಗಳಿಗೆ ಬಹಳ ವರ್ಷ ಮಿನಿಬಸ್ಸು ಓಡಿಸಿದವನು ಅವನು. ನಮ್ಮ ರಸ್ತೆಯ ಹೊಂಡಗಳೆಲ್ಲ ಸೇರಿ ಅವನ ಬೆನ್ನುಮೂಳೆಯ ಬಿಲ್ಲೆಯೊಂದನ್ನು ಜಾಗ ಬಿಡಿಸಿಬಿಟ್ಟವು. ಡಾಕ್ಟರು, ಇನ್ನು ಸ್ಟೀರಿಂಗ್ ಮುಟ್ಟಬೇಡ, ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಯಾವುದಾದರೂ ನೋಡಿಕೋ ಅಂದರು. ಬಸ್ಸು ಓಡಿಸುವುದೂ ಕೂತು ಮಾಡುವ ಕೆಲಸವೇ ಎಂದು ಮೆಲಿಸ್ ವಾದಿಸಿದ. ಡಾಕ್ಟರು ನಗಲಿಲ್ಲ.

ಅವನ ಬಸ್ಸಿನ ಮುಂದಿನ ಗಾಜಿನಲ್ಲಿ ಊರಿನ ಹೆಸರುಗಳ ಬೋರ್ಡೊಂದು ಇರುತ್ತಿತ್ತು. ಅದನ್ನು ಅವನೇ ಬರೆದಿದ್ದ, ಅಕ್ಷರಗಳಿಗೆ ನೆರಳು ಬೇರೆ ಕೊಟ್ಟಿದ್ದ. ಯಾರೋ ಪ್ರಯಾಣಿಕರು ಯಾವತ್ತೋ ಅದನ್ನು ನೋಡಿ, ನೀನು ಕಲಾವಿದನಾಗಬೇಕಿತ್ತು ಅಂದಿದ್ದರು. ಅಂದವರು ಇಳಿದು ಹೋದರು, ಮಾತು ಇಳಿಯಲಿಲ್ಲ. ಹಾಗಾಗಿ ನಲವತ್ತು ದಾಟಿದ ಮೇಲೆ ಮೆಲಿಸ್ ಪೇಟೆಯ ಕಾಲೇಜಿನಲ್ಲಿ ಗ್ರಾಫಿಕ್ ಮತ್ತು ಡಿಜಿಟಲ್ ಡಿಸೈನ್ ಓದಲು ಹೆಸರು ಕೊಟ್ಟ. ಮೊದಲ ದಿನ ಅವನು ಒಳಗೆ ಕಾಲಿಟ್ಟಾಗ ಮೀಸೆ ಚಿಗುರದ ಹುಡುಗರೂ ಜಡೆಯ ಹುಡುಗಿಯರೂ ಎದ್ದು ನಿಂತು ನಮಸ್ಕಾರ ಮಾಡಿದರಂತೆ, ಮೇಷ್ಟ್ರು ಬಂದರು ಅಂತ. ಮೆಲಿಸ್ ಅವರನ್ನೆಲ್ಲ ಕೂರಲು ಹೇಳಿ ಕೊನೆಯ ಕುರ್ಚಿಗೆ ಹೋಗಿ ತಾನೂ ಕೂತ.

ಹೆಂಡತಿ ಜಿಪಾರಳ ತವರಿನವರಿಗೆ ಈ ಓದು ಏನೆಂದು ಕೊನೆಗೂ ಅರ್ಥವಾಗಲಿಲ್ಲ. ಅತ್ತೆ ಬಾತ್ಮಾ ಅಪಾ, ಅಳಿಯ ಹೊಲಿಗೆ ಕಲಿಯುತ್ತಿದ್ದಾನೆ ಅಂದುಕೊಂಡು ಅಂಚು ಮಡಿಸಲು ಎರಡು ಪರದೆ ಕೊಟ್ಟು ಕಳಿಸಿದ್ದರು. ಜಿಪಾರಳ ಅಣ್ಣ ಕಬಿಲ್ ಜಿಲ್ಲಾ ಕಚೇರಿಯಲ್ಲಿ ಗುಮಾಸ್ತ, ಬಾಯಿ ತೆರೆದರೆ ಸುತ್ತೋಲೆ ಓದಿದ ಹಾಗೆ. ನಮ್ಮ ಮನೆಯ ಅಳಿಯಂದಿರು ಕಂಪ್ಯೂಟರಿನಲ್ಲಿ ಬಣ್ಣ ಹಚ್ಚುವ ವಿಷಯವಾಗಿ ಉನ್ನತ ವ್ಯಾಸಂಗ ಕೈಗೊಂಡಿದ್ದಾರೆ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಆಮೇಲೆ ತನ್ನ ಕೆಟ್ಟುಹೋದ ಪ್ರಿಂಟರ್ ತಂದು ಮುಂದಿಡುತ್ತಿದ್ದ. ನಾನು ಬಾತ್ಮಾ ಅಪಾ ಅವರ ಬೇಲಿಯ ಆಚೆಯ ಮನೆಯವನು, ಇದೆಲ್ಲ ಕಣ್ಣಾರೆ ಕಂಡದ್ದು.

ಮಾವ ತುರ್ದುಬಾಯ್ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ನಮ್ಮಲ್ಲಿ ವರ್ಷದ ಊಟವೆಂದರೆ ಸಣ್ಣ ವಿಷಯವಲ್ಲ. ಕುದುರೆ ಕೊಯ್ಯಬೇಕು, ಅಂಗಳದಲ್ಲಿ ಉಣ್ಣೆಯ ಬಿಳಿ ಡೇರೆ ಎತ್ತಬೇಕು, ಸುತ್ತಲ ಹಳ್ಳಿಗಳ ನೆಂಟರನ್ನೆಲ್ಲ ಕರೆಯಬೇಕು, ಅವರು ಬರುವ ಹೊತ್ತಿಗೆ ಗೋರಿಯ ಮೇಲೆ ಕಲ್ಲು ನಿಂತಿರಬೇಕು. ಈಗಿನ ಕಾಲದ ಕಲ್ಲಿಗೆ ಹೆಸರೊಂದೇ ಸಾಲದು. ಕರಿಯ ಗ್ರಾನೈಟಿನ ಮೇಲೆ ಸತ್ತವರ ಮುಖವೂ ಇರಬೇಕು. ಪೇಟೆಯ ಕಲ್ಲಿನಂಗಡಿಗೆ ಚಿತ್ರ ಕೊಟ್ಟರೆ ಯಂತ್ರ ಅದನ್ನು ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಮೂಡಿಸುತ್ತದೆ.

ಚಹಾಕ್ಕೆ ಕೂತಾಗ ಕಬಿಲ್, ಅಂಗಡಿಯವನಿಗೇ ಫೋಟೋ ಕೊಟ್ಟರಾಯಿತು, ಅವನೇ ಸರಿಮಾಡಿಕೊಳ್ಳುತ್ತಾನೆ ಅಂದ. ಮೆಲಿಸ್ ಬಾಯಲ್ಲಿದ್ದ ಬೋರ್ಸೋಕ್, ಅಂದರೆ ಕರಿದ ಹಿಟ್ಟಿನ ತುಂಡು, ನುಂಗಿ, ಬಟ್ಟಲು ಕೆಳಗಿಟ್ಟು, ಮನೆಯಲ್ಲೇ ಡಿಸೈನರ್ ಇರುವಾಗ ಹೊರಗಿನವರ ಕೈಗೆ ಮಾವನ ಮುಖ ಕೊಡುವುದು ಅವಮಾನ ಅಂದುಬಿಟ್ಟ. ಎಲ್ಲರೂ ಅವನ ಕಡೆ ತಿರುಗಿದರು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಅವನು ಹೇಳಿದ್ದನ್ನು ಎಲ್ಲರೂ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಅಲ್ಲಿಂದ ಹಿಂದೆ ಸರಿಯುವುದು ಯಾವ ಗಂಡಸಿಗೂ ಆಗದ ಮಾತು.

ಯಾವ ಫೋಟೋ ಎಂಬುದನ್ನು ಬಾತ್ಮಾ ಅಪಾ ತೀರ್ಮಾನಿಸಿದರು. "ನಾನು ಕೈ ಹಿಡಿದವನು ಕಲ್ಲಿನ ಮೇಲೆ ಇರಬೇಕು. ಕೊನೇಲಿ ಕೆಮ್ತಾ ಮಲಗಿದ್ನಲ್ಲ, ಅವನು ಬೇಡ." ಕೈ ಹಿಡಿದ ಕಾಲದ ಫೋಟೋ ಗೋಡೆಯ ಮೇಲೆ ಒಂದೇ ಇತ್ತು. ಸಾಮೂಹಿಕ ಜಮೀನಿನ ಕಾಲದಲ್ಲಿ ಒಳ್ಳೆಯ ಕುರುಬರಿಗೆ ಪದಕ ಕೊಟ್ಟ ದಿನ ತೆಗೆದದ್ದು. ಇಬ್ಬರು ಯುವಕರು ಅಕ್ಕಪಕ್ಕ ನಿಂತಿದ್ದಾರೆ, ಇಬ್ಬರಿಗೂ ಒಂದೇ ಥರದ ಬಿಳಿ ಕಲ್ಪಾಕ್ ಟೋಪಿ, ಒಂದೇ ಥರದ ಮೀಸೆ, ಎದೆಯ ಮೇಲೆ ಒಂದೇ ಪದಕ. ಇಬ್ಬರೂ ಎಡಕ್ಕೆ ತಿರುಗಿ ಏನನ್ನೋ ನೋಡುತ್ತಿದ್ದಾರೆ. ಒಬ್ಬ ತುರ್ದುಬಾಯ್, ಇನ್ನೊಬ್ಬ ಅವನ ದೊಡ್ಡಪ್ಪನ ಮಗ ಒಮುರ್ಜಾಕ್. ಮೆಲಿಸ್ ಅಳಿಯನಾಗಿ ಬರುವ ಹೊತ್ತಿಗೆ ಮಾವನ ಗಡ್ಡ ಎದೆಗೆ ಇಳಿದಿತ್ತು. ಗಡ್ಡದ ಒಳಗೆ ಯಾವ ಮುಖ ಇದೆಯೆಂದು ಅವನಿಗೆ ಎಂದೂ ತಿಳಿದಿರಲಿಲ್ಲ.

ಕಾಲೇಜಿನಲ್ಲಿ ಆ ತಿಂಗಳು ವೆನೆರಾ ಎಜೆ ಎಂಬ ಅಧ್ಯಾಪಕಿ ಒಂದು ಪಾಠ ಮಾಡಿದ್ದರು. ಚಿತ್ರದಲ್ಲಿರುವ ಮುಖ ಬರಹದ ಕಡೆ ನೋಡಬೇಕು, ಬರಹಕ್ಕೆ ಬೆನ್ನು ಹಾಕಿದರೆ ನೋಡುವವನ ಕಣ್ಣು ಹಾಳೆಯಿಂದ ಆಚೆ ಜಾರಿಹೋಗುತ್ತದೆ ಎಂಬ ಪಾಠ. ಮೆಲಿಸ್‌ಗೆ ಇದು ವೇದವಾಕ್ಯವಾಯಿತು. ಮನೆಗೆ ಹೋಗಿ ಮದುವೆಯ ಫೋಟೋವನ್ನು ಗೋಡೆಯ ಬೇರೆ ಮೊಳೆಗೆ ಹಾಕಿದ, ನಾವು ಕಿಟಕಿಯ ಹೊರಗೆ ನೋಡುತ್ತಿದ್ದೇವೆ ಅಂತ. ಕಲ್ಲಿನಲ್ಲಿ ಮುಖ ಎಡಕ್ಕೆ, ಹೆಸರು ಬಲಕ್ಕೆ ಬರುವುದಿತ್ತು. ಫೋಟೋದವರು ಎಡಕ್ಕೆ ನೋಡುತ್ತಿದ್ದರು. ಆದ್ದರಿಂದ ಅವನು ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಮೂಲವನ್ನು ಅತ್ತೆಯ ಗೋಡೆಗೆ ಮರಳಿಸಿ, ಮಾಡಿದ ಮೊದಲ ಕೆಲಸ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದ್ದು. ಈಗ ಇಬ್ಬರೂ ಬಲಕ್ಕೆ ನೋಡತೊಡಗಿದರು. ಮೆಲಿಸ್‌ಗೆ ತೃಪ್ತಿಯಾಯಿತು.

ಆಮೇಲೆ ಅವನಿಗೆ, ಇಬ್ಬರಲ್ಲಿ ಮಾವ ಯಾರು ಎಂಬ ಪ್ರಶ್ನೆ ಬಂತು. ಅತ್ತೆಗೆ ಫೋನು ಮಾಡಿದ. ಅಪಾ ಗೋಡೆಯ ಮುಂದೆ ಹೋಗಿ ನಿಂತು, "ಎಡಗಡೆಯವನು. ಮಾವನ ಗುರುತೂ ಸಿಗಲ್ವಾ ನಿಂಗೆ?" ಅಂದರು. ಅವರ ದನಿ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಮೆಲಿಸ್‌ಗೆ ಉಳಿಯಲಿಲ್ಲ. ತನ್ನ ಪರದೆಯ ಎಡಗಡೆಯವನನ್ನು ಇಟ್ಟುಕೊಂಡ, ಬಲಗಡೆಯವನನ್ನು ಅಳಿಸಿದ.

ಕರಡು ಚಿತ್ರ ಕಬಿಲನ ಫೋನಿನಲ್ಲಿ ಅಂಚೆಚೀಟಿಯಷ್ಟು ಗಾತ್ರದಲ್ಲಿ ನೆಂಟರ ಮನೆಗಳನ್ನೆಲ್ಲ ಸುತ್ತಿತು. ಕಬಿಲ್ ಪದಕ ದೊಡ್ಡದಾಗಬೇಕು ಅಂದ. ಅವನ ಹೆಂಡತಿ, ಮಾವನ ಮೀಸೆ ಇನ್ನೂ ಸಣ್ಣ ಇತ್ತು ಅಂದಳು. ಆಕೆ ಆ ಮೀಸೆಯನ್ನು ನೋಡಿಯೇ ಇರಲಿಲ್ಲ. ಒಬ್ಬ ಚಿಕ್ಕಪ್ಪನಿಗೆ ಚಿತ್ರದ ಹಿನ್ನೆಲೆಯಲ್ಲಿ ಕುದುರೆ ಬೇಕಿತ್ತು. ಖಾಲಿ ಜಾಗದ ಮಹತ್ವದ ಬಗ್ಗೆ ಮೆಲಿಸ್ ಅವರಿಗೆ ಉಪನ್ಯಾಸ ಕೊಟ್ಟ. ಚಿಕ್ಕಪ್ಪ ಪೂರ್ತಿ ಕೇಳಿ, ಸರಿ, ಆ ಖಾಲಿ ಜಾಗದಲ್ಲೇ ಹಾಕು ಅಂದರು. ಕೊನೆಗೆ ದೂರದಲ್ಲಿ ಒಂದು ಸಣ್ಣ ಕುದುರೆ ಬಂತು. ತುರ್ದುಬಾಯ್‌ನ ನಾಯಿ ಎಷ್ಟು ಚೆನ್ನಾಗಿ ಬಂದಿದೆ ಅಂತ ಬೇರೆಯವರು ಮೆಚ್ಚಿಕೊಂಡರು. ಕಬಿಲ್ ಪದಕ ನೋಡಿದ, ಅವನ ಹೆಂಡತಿ ಮೀಸೆ ನೋಡಿದಳು, ಚಿಕ್ಕಪ್ಪ ಕುದುರೆ ನೋಡಿದರು. ಮುಖ ನೋಡುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ. ಬಾತ್ಮಾ ಅಪಾ ಮಾತ್ರ, ಅಷ್ಟು ಸಣ್ಣದರಲ್ಲಿ ಗಂಡನನ್ನು ನೋಡಲಾರೆ, ಕಲ್ಲಿನ ಮೇಲೇ ನೋಡುತ್ತೇನೆ ಅಂದರು.

ಊಟದ ಹಿಂದಿನ ದಿನ ಬೆಳಿಗ್ಗೆ ಕಾಲೇಜಿನಲ್ಲಿ ಕೆಲಸ ಒಪ್ಪಿಸುವುದಿತ್ತು. ಮೆಲಿಸ್ ಇದೇ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಬೋರ್ಡಿಗೆ ಅಂಟಿಸಿದ. ಕಲ್ಲು ಆಗಲೇ ಸ್ಮಶಾನದಲ್ಲಿ ಸಿಮೆಂಟು ಹಾಕಿಸಿಕೊಂಡು ಬಟ್ಟೆ ಮುಚ್ಚಿಕೊಂಡು ನಿಂತಿತ್ತು. ವೆನೆರಾ ಎಜೆ ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದರು. ನೋಟ ಬರಹದ ಕಡೆ ಇದೆ, ಒಳ್ಳೆಯದು ಅಂದರು. ಮೆಲಿಸ್ ತಲೆಬಾಗಿದ.

"ಆದ್ರೆ ನಿಮ್ಮ ಮಾವ ಪದಕಾನ ಬಲಗಡೆ ಎದೆಗೆ ಹಾಕ್ತಿದ್ರಾ?" ಎಂದು ಎಜೆ ಕೇಳಿದರು. "ನಮ್ಮಪ್ಪನ ಹತ್ರಾನೂ ಇಂಥದ್ದೇ ಇತ್ತು. ಎಡಗಡೆ ಹಾಕೋದು. ಕೋಟಿನ ಗುಂಡಿನೂ ಹೆಂಗಸರ ಕೋಟಿನ ಥರ ಇದೆ."

ತರಗತಿ ನಕ್ಕಿತು. ಮೆಲಿಸ್ ಕೂಡ ನಕ್ಕು, ಅದು ನಿಮ್ಮದೇ ಪಾಠ ಎಜೆ, ನಾನು ಚಿತ್ರ ತಿರುಗಿಸಿದೆ ಅಂದ. ಚಿತ್ರ ತಿರುಗಿಸಿದೆ ಎಂಬ ಮಾತು ಅವನ ಬಾಯಿಂದ ಹೊರಟು ಅವನ ಕಿವಿಗೇ ಬಿತ್ತು. ನಗು ಅಲ್ಲೇ ನಿಂತಿತು. ಎಡಗೈ ನೋಡಿಕೊಂಡ, ಬಲಗೈ ನೋಡಿಕೊಂಡ. ಆಮೇಲೆ ಚೀಲ ಬಿಟ್ಟು, ಕೋಟು ಬಿಟ್ಟು, ತನ್ನ ಹಳೆಯ ಮಿನಿಬಸ್ಸು ಹೊರಡುವ ನಿಲ್ದಾಣದ ಕಡೆ ಓಡಿದ. ಸೊಂಟ ನೋವಿದ್ದವನು ಓಡಿದ್ದು ನೋಡಿ ಎಜೆ ಗಾಬರಿಯಾದರಂತೆ.

ಅತ್ತೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಳದಲ್ಲಿ ಒಲೆಗಳು, ಕಡಾಯಿಗಳು, ಮಾಂಸ ಕಡಿಯುವವರು. ಮೆಲಿಸ್ ನೇರವಾಗಿ ಗೋಡೆಯ ಮುಂದೆ ಹೋಗಿ ನಿಂತ. ಫೋನಿನಲ್ಲಿದ್ದ ಕಲ್ಲಿನ ಮುಖ ನೋಡಿದ, ಗೋಡೆ ನೋಡಿದ. ಕಲ್ಲಿನ ಮುಖ ಗೋಡೆಯ ಬಲಗಡೆಯವನದ್ದು. ನಾನು ಆಗ ಅಲ್ಲೇ ಬೆಂಚು ಜೋಡಿಸುತ್ತಿದ್ದೆ. ಈ ಬಲಗಡೆಯವರು ಯಾರು ಅಂತ ನನ್ನನ್ನೇ ಕೇಳಿದ. ಒಮುರ್ಜಾಕ್ ಅತಾ ಅಲ್ಲವಾ, ಇನ್ನೂ ಕುದುರೆ ಏರುತ್ತಾರಲ್ಲ ಅಂದೆ. ಮೆಲಿಸ್ ಬೆಂಚಿನ ಮೇಲೆ ಕೂತ. ಅದರ ಕಾಲು ನಾನಿನ್ನೂ ಜೋಡಿಸಿರಲಿಲ್ಲ.

ಬೇರೆ ಯಾರ ಮುಖ ಬಂದಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ಒಮುರ್ಜಾಕ್ ಎಂದರೆ ನಮ್ಮ ಭಾಷೆಯಲ್ಲಿ ದೀರ್ಘಾಯು. ಹೆಸರಿಟ್ಟವರ ಆಸೆಯನ್ನು ಎಂಬತ್ತರವರೆಗೂ ಕಾಪಾಡಿಕೊಂಡು ಬಂದ ಮನುಷ್ಯ, ಬದುಕಿರುವಾಗಲೇ ಅವನನ್ನು ಗೋರಿಕಲ್ಲಿಗೆ ಏರಿಸಿದರೆ ಊರು ಏನನ್ನುತ್ತದೆ? ಅದಕ್ಕಿಂತ ಹೆಚ್ಚಾಗಿ, ಈ ಇಬ್ಬರು ಅಣ್ಣತಮ್ಮಂದಿರು ಹೊಲಕ್ಕೆ ನೀರು ಹರಿಯುವ ಕಾಲುವೆಯೊಂದರ ಜಗಳದಲ್ಲಿ ಮೂವತ್ತು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲ. ಮಣ್ಣಿನ ದಿನ ಒಮುರ್ಜಾಕ್ ಬಂದು ಒಂದು ಹಿಡಿ ಮಣ್ಣು ಹಾಕಿ ಯಾರ ಜೊತೆಗೂ ಮಾತಾಡದೆ ಹೊರಟುಹೋಗಿದ್ದ. ಈಗ ಕುಲಕ್ಕೆ ಹಿರಿಯ ಅವನೇ, ಕಲ್ಲಿನ ಬಟ್ಟೆ ಎಳೆಯಬೇಕಾದವನೂ ಅವನೇ.

ಜಿಪಾರ್ ಹಿತ್ತಲಲ್ಲಿ ಬೋರ್ಸೋಕ್ ಕರಿಯುತ್ತಿದ್ದಳು. ಮೆಲಿಸ್ ಅವಳ ಕಿವಿಯಲ್ಲಿ ಎಲ್ಲ ಹೇಳಿದ. ಅವಳು ಜಾಲರಿ ಹಿಡಿದ ಕೈಯನ್ನು ಹಾಗೇ ಹಿಡಿದು ಕೇಳಿದಳು, ಎಣ್ಣೆಯಲ್ಲಿದ್ದದ್ದು ಇದ್ದಿಲಾಯಿತು. ಅದನ್ನು ಎತ್ತಿ ಬಿಸಾಡಿ, "ಒಮುರ್ಜಾಕ್ ಅತಾ ಬರಲ್ಲ ಅಂತ ಎಲ್ಲಾರೂ ಅಂತಿದಾರೆ. ಅವರಿಗೆ ಬೆನ್ನು ಹಿಡ್ಕೊಂಡಿದೆಯಂತೆ. ಬೇರೆ ಯಾರಿಗೂ ಆ ಕಾಲದ ಮುಖ ನೆನಪಿಲ್ಲ. ಅಮ್ಮನ್ನ ಊಟ ಮುಗಿಯೋವರೆಗೂ ಕಲ್ಲಿನ ಹತ್ರ ಬಿಡಲ್ಲ, ಆಮೇಲೆ ನಾನೇ ಹೇಳ್ತೀನಿ. ನೀನು ಸುಮ್ಮನಿರು, ಅಷ್ಟು ಸಾಕು" ಅಂದಳು.

ಇದು ಬುದ್ಧಿವಂತ ಸಲಹೆ. ಸುಮ್ಮನಿರುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಬಲ್ಲವನು ಮೆಲಿಸ್ ಎಂಬುದನ್ನು ಹೆಂಡತಿ ಮರೆತಿದ್ದಳು, ಅಷ್ಟೇ. ಅವನು ಮೊದಲು ಕಲ್ಲಿನಂಗಡಿಯವನಿಗೆ ಫೋನು ಮಾಡಿದ. ಆತ ರಾಜಧಾನಿ ಬಿಷ್ಕೆಕ್‌ನಲ್ಲಿ ಯಾವುದೋ ಮದುವೆಯಲ್ಲಿದ್ದ. ಅವನ ದನಿಯ ಹಿಂದೆ ಯಾರೋ ಅಕಾರ್ಡಿಯನ್ ನುಡಿಸುತ್ತಿದ್ದರು. ಗ್ರಾನೈಟಿನ ಮೇಲೆ ಸೇರಿಸಬಹುದು, ತೆಗೆಯಲಾಗದು, ಬೇಕಾದರೆ ಮುಂದಿನ ವಾರ ಬಂದು ಗಡ್ಡ ಸೇರಿಸಿಕೊಡುತ್ತೇನೆ ಎಂದು ಆತ ಕೂಗಿ ಹೇಳಿ ಕುಣಿಯಲು ಹೋದ.

ಆಗ ಮೆಲಿಸ್‌ಗೆ ಅನ್ನಿಸಿತು: ಒಮುರ್ಜಾಕ್ ಬರಲ್ಲ ಅನ್ನುತ್ತಿದ್ದಾರೆ, ನಿಜ, ಆದರೆ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಅವನು ಒಮುರ್ಜಾಕನ ಮನೆಗೆ ಹೋದಾಗ ಮುದುಕ ಒಲೆಯ ಪಕ್ಕ ಬೆನ್ನಿಗೆ ಬಿಸಿ ಉಪ್ಪಿನ ಗಂಟು ಕಟ್ಟಿಕೊಂಡು ಮಲಗಿದ್ದ. ಬರುವುದಿಲ್ಲ, ಮಗನನ್ನು ಕಳಿಸುತ್ತೇನೆ ಎಂದು ಮನೆಯವರಿಗೆ ಆಗಲೇ ಹೇಳಿಯಾಗಿತ್ತು. ಇದನ್ನು ಸೊಸೆ ಬಾಗಿಲಲ್ಲೇ ಹೇಳಿದಳು. ಮೆಲಿಸ್ ಅಲ್ಲಿಂದಲೇ ಹಿಂತಿರುಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅವನು ಒಳಗೆ ಹೋದ, ಚಹಾ ಕುಡಿದ, ನಾಳೆ ಗಾಳಿ ಜೋರಂತೆ ಅಂದ. ಅದಕ್ಕೇನು ಅಂದ ಮುದುಕ. ಸ್ಮಶಾನದ ಗುಡ್ಡ ಬಲು ಕಡಿದು, ದಾರಿಯಲ್ಲಿ ಕಲ್ಲು, ಬರುವವರು ಬಹಳ ಜನ, ನಿಮಗೆ ನೂಕುನುಗ್ಗಲು ಆಗಿಬರದು ಅಂದ ಮೆಲಿಸ್. ಮುದುಕ ಒಂದು ಮೊಣಕೈ ಮೇಲೆ ಎದ್ದ. ಅಷ್ಟಕ್ಕೂ ನಿಲ್ಲಿಸದೆ ಅವನು, "ಅತಾ, ನಿಮ್ಮ ವಯಸ್ಸಲ್ಲಿ ಗೋರಿಕಲ್ಲುಗಳನ್ನ ಹತ್ತಿರದಿಂದ ನೋಡ್ಬಾರ್ದು" ಅಂದ.

ಒಮುರ್ಜಾಕ್ ಎದ್ದು ಕೂತ. ಉಪ್ಪಿನ ಗಂಟು ಜಾರಿ ಬಿತ್ತು.

"ಯಾರು ಕಳಿಸಿದ್ದು ನಿನ್ನ? ಬಾತ್ಮಾನಾ, ಕಬಿಲನಾ?"

"ಯಾರೂ ಇಲ್ಲ ಅತಾ. ನಾನೇ ಬಂದೆ."

"ಮನೆ ಅಳಿಯ ತಾನಾಗೇ ಬರ್ತಾನಾ? ನಾನು ಬರೋದೇ ಇಲ್ಲ ಅಂತ ಮಲಗಿದ್ದೆ ಕಣೋ. ನಾನು ಬರಬಾರ್ದು ಅಂತ ಹೇಳಿ ಕಳಿಸೋವಷ್ಟು ದೊಡ್ಡೋರಾದ್ರಾ ಅವರು? ಹೋಗಿ ಹೇಳು. ಬರ್ತೀನಿ. ಎಲ್ಲಾರಿಗಿಂತ ಮುಂದೆ ನಿಲ್ತೀನಿ. ಬಟ್ಟೆ ನಾನೇ ಎಳೀತೀನಿ."

ಮೆಲಿಸ್ ಹೊರಗೆ ಬರುವಷ್ಟರಲ್ಲಿ ಮುದುಕ ಕುದುರೆಯ ಜೀನು ಒರೆಸಿಡಲು ಸೊಸೆಗೆ ಹೇಳುತ್ತಿದ್ದುದು ಕೇಳಿಸಿತು.

ಮರುದಿನ ಬೆಳಿಗ್ಗೆ ಮೆಲಿಸ್ ಎಲ್ಲರಿಗಿಂತ ಮೊದಲು ಸ್ಮಶಾನಕ್ಕೆ ಹೋಗಿ ಕಲ್ಲಿನ ಬಟ್ಟೆಗೆ ಇನ್ನಷ್ಟು ಹಗ್ಗ ಸುತ್ತಿ, ಬಸ್ಸಿನ ಮೇಲೆ ಮೂಟೆ ಕಟ್ಟುವವರ ಗಂಟು ಹಾಕಿ ಬಂದ. ಕಬಿಲನ ಬಳಿ ಹೋಗಿ, ಬೈಕೆ, ಅಣ್ಣಾ, ಈ ಬಟ್ಟೆ ಎಳೆಯುವ ಕಾರ್ಯಕ್ರಮ ಅಗತ್ಯವಾ, ಗಾಳಿ ಇದೆ, ಇನ್ನೊಂದು ದಿನ ಮನೆಯವರಷ್ಟೇ ಸೇರಿ ಮಾಡಬಹುದಲ್ಲ ಅಂದ. ಕಬಿಲ್ ಅಂದು ಟೈ ಕಟ್ಟಿದ್ದ. ಜಿಲ್ಲಾ ಕಚೇರಿಯ ಉಪಮುಖ್ಯಸ್ಥರು ಖುದ್ದಾಗಿ ಬರುವುದಿತ್ತು. ಅವನು ಮೆಲಿಸ್‌ನ ಭುಜದ ಮೇಲೆ ಕೈಯಿಟ್ಟು, ಬಟ್ಟೆ ಎಳೆಯುವ ಗೌರವ ನಿನಗೆ ಸಿಗಲಿಲ್ಲ ಅಂತ ಬೇಸರ ಬೇಡ, ನಿನ್ನ ಹೆಸರನ್ನು ಭಾಷಣದಲ್ಲಿ ಸೇರಿಸಿದ್ದೇನೆ, ಎರಡು ಕಡೆ, ಅಂದ. ಅತ್ತೆಗೇ ಹೇಳಿಬಿಡೋಣ ಅಂತ ಮೆಲಿಸ್ ಡೇರೆಗೆ ಹೋದ. ಅಲ್ಲಿ ಬಾತ್ಮಾ ಅಪಾ ಅವನ ಕೈ ಹಿಡಿದು ಬಂದಿದ್ದ ಹೆಂಗಸರಿಗೆಲ್ಲ, ನನ್ನ ಗಂಡನ ಮುಖ ನನಗೆ ಮತ್ತೆ ತೋರಿಸುತ್ತಿರುವವನು ಇವನೇ, ನನ್ನ ಮಕ್ಕಳಿಗೂ ಇದು ಹೊಳೆಯಲಿಲ್ಲ ಅಂದರು. ಹೆಂಗಸರು ಅವನ ತಲೆ ಸವರಿದರು. ಮೆಲಿಸ್ ಬಾಯಿ ತೆರೆದ, ಯಾರೋ ಅದರೊಳಗೆ ಒಂದು ಮಾಂಸದ ತುಂಡಿಟ್ಟರು.

ಗುಡ್ಡದ ಮೇಲೆ ಗಂಡಸರು ಕಲ್ಲಿನ ಸುತ್ತ ನಿಂತೆವು. ಹೆಂಗಸರು ಬೇಲಿಯ ಆಚೆ. ಉಪಮುಖ್ಯಸ್ಥರು ಬಂದರು, ಮುಲ್ಲಾ ಬಂದರು. ಗೋರಿಯ ಮೇಲೆ ಮುಖ ಬಿಡಿಸುವುದು ಮುಲ್ಲಾ ಅವರಿಗೆ ಒಪ್ಪಿಗೆಯಿಲ್ಲ, ಹಾಗಂತ ಊಟದ ಮನೆಯವರಿಗೆ ಬೇಸರ ಮಾಡುವವರೂ ಅಲ್ಲ. ಕಣ್ಣು ಮುಚ್ಚಿಕೊಂಡು ಓದುವುದು ಅವರ ಕ್ರಮ. ಒಮುರ್ಜಾಕ್ ಇನ್ನೂ ಕಾಣಿಸಿರಲಿಲ್ಲ. ಮೆಲಿಸ್ ದಾರಿಯನ್ನೇ ನೋಡುತ್ತಿದ್ದ. ಕಬಿಲ್ ಗಡಿಯಾರ ನೋಡಿಕೊಂಡು, ಬಟ್ಟೆಯನ್ನು ಉಪಮುಖ್ಯಸ್ಥರ ಕೈಯಿಂದಲೇ ಎಳೆಸುವುದೆಂದು ಪ್ರಕಟಿಸುತ್ತಿರುವಾಗ ತಿರುವಿನಲ್ಲಿ ಬಿಳಿ ಕಲ್ಪಾಕ್ ಕಾಣಿಸಿತು. ಮುದುಕ ಕುದುರೆಯ ಮೇಲೆ ನೆಟ್ಟಗೆ ಕೂತು ಬರುತ್ತಿದ್ದ. ಜನ ದಾರಿ ಬಿಟ್ಟರು. ಇಳಿದು, ಯಾರಿಗೂ ಕೈ ಕೊಡದೆ, ಕಲ್ಲಿನ ಮುಂದೆ ಬಂದು ನಿಂತು ಗಂಟಿಗೆ ಕೈಹಾಕಿದ.

ಗಂಟು ಬಿಚ್ಚಲಿಲ್ಲ. ಎಳೆದ, ಜಗ್ಗಿದ, ಹಲ್ಲು ಹಾಕಿ ನೋಡಿದ. ಮೆಲಿಸ್ ನನ್ನ ತೋಳನ್ನು ಎಷ್ಟು ಬಿಗಿ ಹಿಡಿದಿದ್ದನೆಂದರೆ ಆಮೇಲೆ ನೋಡಿದರೆ ನೀಲಿಗಟ್ಟಿತ್ತು. ಕೊನೆಗೆ ಮುದುಕ ಬೂಟಿನಿಂದ ಚಾಕು ತೆಗೆದು ಹಗ್ಗವನ್ನೇ ಕೊಯ್ದ. ಬಟ್ಟೆ ಬಿತ್ತು.

ಒಮುರ್ಜಾಕ್ ಕಲ್ಲು ನೋಡಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದ. ಪಕ್ಕದಲ್ಲಿದ್ದ ಹೆಸರನ್ನು, ಹುಟ್ಟಿದ ವರ್ಷ ತೀರಿಕೊಂಡ ವರ್ಷವನ್ನು, ಬೆರಳಿಟ್ಟು ಓದಿದ. ತನ್ನ ಎದೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ಜನರ ನಡುವೆ ಯಾರನ್ನೋ ಹುಡುಕಿದ. ಮೆಲಿಸ್ ಉಪಮುಖ್ಯಸ್ಥರ ಬೆನ್ನ ಹಿಂದೆ ಸರಿದ. ಮುದುಕ ಕಲ್ಲನ್ನು ಹಿಡಿದುಕೊಂಡು ಅದರ ಬುಡದಲ್ಲೇ ಕೂತುಬಿಟ್ಟ.

ಜನರಲ್ಲಿ ಒಂದು ನಿಟ್ಟುಸಿರು ಎದ್ದಿತು. ಮೂ‌ವತ್ತು ವರ್ಷದ ಹಗೆ ಒಂದು ಗಳಿಗೆಯಲ್ಲಿ ಕರಗಿತು ಅಂತ ಯಾರೋ ಅಂದರು. ಕಬಿಲ್ ಮೂಗು ಒರೆಸಿಕೊಂಡು, ಇಂದು ಒಂದು ಐತಿಹಾಸಿಕ ರಾಜಿಗೆ ನಾವೆಲ್ಲರೂ ಸಾಕ್ಷಿಯಾಗಿದ್ದೇವೆ ಎಂದು ಘೋಷಿಸಿದ. ಉಪಮುಖ್ಯಸ್ಥರು ಆ ಮುಖದಲ್ಲಿ ಇಡೀ ಜಿಲ್ಲೆಯ ಶ್ರಮಜೀವನ ಕಾಣುತ್ತದೆ ಅಂದರು. ಥೇಟು ತುರ್ದುಬಾಯ್, ಮಾತೊಂದು ಕಮ್ಮಿ ಎಂದು ನಾಲ್ಕಾರು ದನಿಗಳು ಹೇಳಿದವು. ನನ್ನ ಪಕ್ಕದವರೊಬ್ಬರು ಸ್ವಲ್ಪ ಒಮುರ್ಜಾಕನ ಛಾಯೆ ಇದೆಯಲ್ಲ ಅಂದರು. ಒಂದೇ ಅಜ್ಜನ ಮೊಮ್ಮಕ್ಕಳು, ಇರುವುದಿಲ್ಲವೇ ಎಂದು ಇನ್ನೊಬ್ಬರು ಸಮಾಧಾನ ಹೇಳಿದರು. ಭಾಷಣದಲ್ಲಿ ಮೆಲಿಸ್‌ನ ಹೆಸರು ಬಂತು, ಎರಡು ಕಡೆ. ಮುಲ್ಲಾ ಕಣ್ಣು ಮುಚ್ಚಿ ಓದಿ ಮುಗಿಸಿದರು. ಇಬ್ಬರು ಮುದುಕರು ಮೆಲಿಸ್‌ನ ಕೈ ಹಿಡಿದು, ನಮ್ಮದನ್ನೂ ನೀನೇ ಮಾಡಿಕೊಡಬೇಕು, ಬದುಕಿರುವಾಗಲೇ ಮಾಡಿಟ್ಟರೆ ನೋಡಿಯಾದರೂ ಹೋಗಬಹುದು ಅಂದರು. ಅವನ ಮುಖ ಬಿಳಿಚಿಕೊಂಡಿತ್ತು. ದುಃಖ ಅಂದುಕೊಂಡರು ಎಲ್ಲರೂ.

ಗಂಡಸರು ಇಳಿಯತೊಡಗಿದ ಮೇಲೆ ಬೇಲಿಯ ಬಾಗಿಲು ತೆರೆದು ಹೆಂಗಸರು ಒಳಬಂದರು. ಬಾತ್ಮಾ ಅಪಾ ಎಲ್ಲರಿಗಿಂತ ಮುಂದೆ, ಜಿಪಾರಳನ್ನೂ ಎಳೆದುಕೊಂಡು. ಒಮುರ್ಜಾಕ್ ಇನ್ನೂ ಕಲ್ಲಿನ ಬುಡದಲ್ಲೇ ಕೂತಿದ್ದ. ಅಪಾ ಬಂದು ನಿಂತರು. ಕಲ್ಲು ನೋಡಿದರು. ಕೂತಿದ್ದವನನ್ನು ನೋಡಿದರು. ಮತ್ತೆ ಕಲ್ಲು.

"ನೀನಿಲ್ಲಿ ಏನ್ ಮಾಡ್ತಿದೀಯಾ?" ಅಂದರು.

"ನಂಗೂ ಅದೇ ತಿಳೀತಿಲ್ಲ" ಅಂದ ಒಮುರ್ಜಾಕ್.

ಅವರಿಬ್ಬರ ನಡುವೆ ಅಷ್ಟು ವರ್ಷಗಳ ಮೇಲೆ ನಡೆದ ಮೊದಲ ಮಾತು ಅದು. ಹಿಂದಿದ್ದ ಹೆಂಗಸರಿಗೆ ಅದರಲ್ಲಿ ಏನೂ ವಿಶೇಷ ಕಾಣಿಸಲಿಲ್ಲ. ಬಾತ್ಮಾ ಅಪಾ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಆಮೇಲೆ ತಲೆವಸ್ತ್ರ ಬಿಗಿ ಮಾಡಿಕೊಂಡು, ಮಾಂಸ ಆರಿಹೋಗುತ್ತೆ, ಎಲ್ಲರೂ ಊಟಕ್ಕೆ ನಡೆಯಿರಿ ಅಂದರು. ಮುನ್ನೂರು ಜನಕ್ಕೆ ಅಡುಗೆಯಾಗಿರುವ ದಿನ ಗಂಡನ ಹೆಸರು ಕೆಡಿಸಿಕೊಳ್ಳುವ ಹೆಂಗಸಲ್ಲ ಅವರು. ಅಲ್ಲಿಂದ ಸಂಜೆವರೆಗೆ ಅವರು ಮೆಲಿಸ್‌ನ ಕಡೆ ತಿರುಗಿ ನೋಡಲಿಲ್ಲ. ಅವನು ತಟ್ಟೆ ಹೊತ್ತ, ಹುಳಿಬರಿಸಿದ ಕುದುರೆ ಹಾಲಿನ ಕುಮಿಸ್ ಸುರಿದ, ಯಾರೂ ಹೇಳದಿದ್ದರೂ ಎಲ್ಲರ ಕುದುರೆಗಳಿಗೆ ನೀರು ಕುಡಿಸಿದ.

ಕೊನೆಯ ನೆಂಟರು ಹೊರಟ ಮೇಲೆ ಡೇರೆಯಲ್ಲಿ ಮನೆಯವರಷ್ಟೇ ಉಳಿದರು, ಜೊತೆಗೆ ಒಮುರ್ಜಾಕ್. ಪಾತ್ರೆ ಸಾಗಿಸುವ ನೆಪದಲ್ಲಿ ನಾನೂ ಇದ್ದೆ. ಅಪಾ ಅಳಿಯನನ್ನು ಎದುರಿಗೆ ಕೂರಿಸಿಕೊಂಡರು.

"ನಿನ್ನ ಮಾವ ಎಲ್ಲಿ?"

"ಪಕ್ಕದಲ್ಲೇ ಇದ್ರು ಅಪಾ. ನಾನು ಅಳಿಸಿಬಿಟ್ಟೆ."

ಆಮೇಲೆ ಅವನು ಕನ್ನಡಿಯ ವಿಷಯ, ನೋಟದ ವಿಷಯ, ಎಡ ಬಲದ ವಿಷಯ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಬಾತ್ಮಾ ಅಪಾ ಕೇಳಿಸಿಕೊಂಡು, "ಮದುವೆಯಾದಾಗಿಂದ ಆ ಮನುಷ್ಯನ್ನ ಕೂತ ಜಾಗದಿಂದ ಅಲ್ಲಾಡಿಸೋಕೆ ನನ್ನ ಕೈಲಿ ಆಗಿರಲಿಲ್ಲ. ನೀನು ಒಂದು ಬೆರಳಲ್ಲಿ ಕಳಿಸಿಬಿಟ್ಟೆ" ಅಂದರು. ಅದು ಬೈಗುಳವೋ ಏನೋ ಯಾರಿಗೂ ತಿಳಿಯಲಿಲ್ಲ. ನಗುವ ಧೈರ್ಯ ಯಾರೂ ಮಾಡಲಿಲ್ಲ.

ಎಲ್ಲರಿಗಿಂತ ಕೊನೆಗೆ ವಿಷಯ ತಿಳಿದದ್ದು ಕಬಿಲನಿಗೆ. ಅವನು ಟೈ ಕಿತ್ತು ಬಿಸಾಡಿ, ಕಚೇರಿಗೆ ಸುದ್ದಿ ಮುಟ್ಟುವ ಮೊದಲು ಹೋಗಿ ಕಲ್ಲನ್ನು ಒಡೆದು ಬರುತ್ತೇನೆಂದು ಸುತ್ತಿಗೆ ಹುಡುಕಿದ. ಒಮುರ್ಜಾಕ್ ಕೋಲು ಅಡ್ಡ ಹಿಡಿದ. "ನನ್ನ ಹಣೆಗೆ ಸುತ್ತಿಗೆ ಹಾಕ್ತೀಯಾ? ನಾನಿನ್ನೂ ಚಹಾ ಕುಡೀತಾ ಕೂತಿದೀನಿ." ಬದುಕಿರುವವನ ಮುಖ ಒಡೆಯುವುದು ಕೇಡು ಎಂದು ಅಪಾ ಕೂಡ ಒಪ್ಪಿದರು. ಹಾಗಂತ ಗಂಡನ ಹೆಸರಿನ ಪಕ್ಕ ಇವನನ್ನು ನಿಲ್ಲಿಸಿ ಅವರು ಬದುಕುವುದು ಹೇಗೆ? ಕಲ್ಲಿನ ಹಿಂಭಾಗವೂ ನಯವಾಗೇ ಇದೆಯಲ್ಲ ಎಂದು ಜಿಪಾರ್ ಮೆಲ್ಲಗೆ ಹೇಳಿದಳು. ಹಾಗೆ ತೀರ್ಮಾನವಾಯಿತು: ರಸ್ತೆಯ ಕಡೆಗೆ ಒಮುರ್ಜಾಕ್ ಇರಲಿ, ಮಾವನನ್ನು ಬೆಟ್ಟದ ಕಡೆಗೆ ಹೆಸರು ಸಮೇತ ಹೊಸದಾಗಿ ಮಾಡಿಸುವುದು.

ಈ ಸಲ ಅಳಿಯನನ್ನು ಒಬ್ಬನೇ ಬಿಡುವುದಿಲ್ಲ, ಪಕ್ಕದಲ್ಲೇ ಕೂರುತ್ತೇನೆ ಅಂದರು ಅಪಾ. ಚಿಕ್ಕ ವಯಸ್ಸಿನ ಮುಖವೂ ಬೇಡ, ಮತ್ತೆ ಗೊಂದಲವಾಗುತ್ತದೆ, ಪಿಂಚಣಿ ಚೀಟಿಯಲ್ಲಿರುವ ಮುದಿ ಮುಖವೇ ಸಾಕು. ನಾನೂ ಬರುತ್ತೇನೆ ಅಂದ ಒಮುರ್ಜಾಕ್. ನೀನ್ಯಾಕೆ ಎಂದು ಕೇಳಿದ್ದಕ್ಕೆ, "ನನ್ನ ಬೆನ್ನಿಗೆ ಯಾರು ಬರ್ತಾರೆ ಅಂತ ನಾನು ನೋಡ್ಬೇಡ್ವಾ?" ಅಂದ.

ಮುಂದಿನ ಸೋಮವಾರ ಇಬ್ಬರನ್ನೂ ನನ್ನ ಕಾರಿನಲ್ಲೇ ಕಾಲೇಜಿಗೆ ಕರೆದುಕೊಂಡು ಹೋದೆ. ಅಪಾ ಮುಂದೆ, ಮುದುಕ ಹಿಂದೆ. ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳೆಲ್ಲ ಎದ್ದು ನಿಂತರು. ವೆನೆರಾ ಎಜೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಈ ಸಲ ಯಾವ ಕಾರಣಕ್ಕೂ ಏನನ್ನೂ ತಿರುಗಿಸಬೇಡಿ ಎಂದು ಮೆಲಿಸ್‌ಗೆ ಹೇಳಿ ಹಿಂದೆ ನಿಂತುಕೊಂಡರು. ಮೆಲಿಸ್ ಚೀಟಿಯ ಫೋಟೋವನ್ನು ಪರದೆಯ ತುಂಬ ದೊಡ್ಡದು ಮಾಡಿದ. ಅಪಾ ಉಸಿರು ಎಳೆದುಕೊಂಡರು. ಒಮುರ್ಜಾಕ್ ಮುಂದಕ್ಕೆ ಬಾಗಿ ನೋಡಿ ತಲೆಯಾಡಿಸಿದ.

"ಇದು ತುರ್ದುಬಾಯ್ ಅಲ್ಲ."

ಮೆಲಿಸ್ ಪಿಂಚಣಿ ಚೀಟಿ ತೆಗೆದು ಹೆಸರು ಓದಿದ, ತಿರುವಿ ಹಿಂಭಾಗ ನೋಡಿದ, ವೆನೆರಾ ಎಜೆಯ ಕೈಗೆ ಕೊಟ್ಟು ಅವರಿಂದಲೂ ಓದಿಸಿದ.

"ಕಿವಿ ಇಷ್ಟು ಇಳಿಬಿದ್ದಿರಲಿಲ್ಲ ಅವನದ್ದು" ಎಂದು ಮುದುಕ ಹೇಳುತ್ತಿದ್ದ. "ಕೆನ್ನೆ ಹೀಗೆ ಒಳಕ್ಕೆ ಹೋಗಿರಲಿಲ್ಲ. ಕಣ್ಣಿನ ಕೆಳಗೆ ಈ ಗೆರೆ ಎಲ್ಲಿತ್ತು? ಇವನ್ಯಾರೋ ಬೇರೆ."

"ಅವರೇ" ಅಂದರು ಬಾತ್ಮಾ ಅಪಾ. "ಮೂವತ್ತು ವರ್ಷದಿಂದ ನೀನು ಮುಖ ಎತ್ತಿ ನೋಡಿಲ್ಲ, ಅಷ್ಟೇ."

ಒಮುರ್ಜಾಕ್ ಕುರ್ಚಿಯನ್ನು ನೆಲಕ್ಕೆ ಉಜ್ಜುತ್ತ ಪರದೆಯ ಹತ್ತಿರ ಎಳೆದುಕೊಂಡು, ಕಲ್ಪಾಕ್ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಏನು ಮಾಡಬೇಕೆಂದು ತೋಚದ ಮೆಲಿಸ್, ಕಲಿತ ಅಭ್ಯಾಸದಂತೆ ಮುಖ ನಯಗೊಳಿಸಲು ಹೊರಟು ಕಣ್ಣಿನ ಕೆಳಗಿನ ಗೆರೆಯನ್ನು ಅಳಿಸತೊಡಗಿದ. ಮುದುಕ ಕೈ ಚಾಚಿ ಅವನ ಕೈಯನ್ನು ಮೌಸ್ ಸಮೇತ ಹಿಡಿದುಕೊಂಡ.

"ಬಿಡು, ಇರಲಿ" ಅಂದ. "ನಾನಿನ್ನೂ ನೋಡಿಲ್ಲ ಅದನ್ನ."